ಕಡಲ ಮೇಲೆ ಹತ್ತು ನಿಮಿಷದ ಅಂತರ

ಹೊನ್ನಾಳಿಯ ಖಾಸಗಿ ಬಸ್ ನಿಲ್ದಾಣದಲ್ಲಿ ನನ್ನದೊಂದು ತಗಡಿನ ಗೂಡಿದೆ. ಒಳಗೆ ಒಂದು ಮೇಜು, ಎರಡು ಕುರ್ಚಿ, ಗೋಡೆ ಗಡಿಯಾರ, ಬಸ್ಸು ಬಂದ ಹೊತ್ತು ಹೋದ ಹೊತ್ತು ಬರೆಯುವ ಉದ್ದನೆಯ ಪುಸ್ತಕ. ಕೊರಳಲ್ಲಿ ಸೀಟಿ. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕೆಂದು ಅದರ ಪರ್ಮಿಟ್ಟಿನಲ್ಲಿ ಇರುತ್ತದೆ. ಅದಕ್ಕಿಂತ ಒಂದು ನಿಮಿಷವೂ ಮೊದಲು ಹೊರಡದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಟೈಮ್ ಕೀಪರ್ ಅನ್ನುತ್ತಾರೆ. ಮೊದಲು ಈ ಕುರ್ಚಿ ನನ್ನ ಯಜಮಾನರದು. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಮಂಜಾದಾಗ ಪುಸ್ತಕ ಬರೆದುಕೊಡಲು ನಾನು ಪಕ್ಕದಲ್ಲಿ ಕೂತೆ. ಆಮೇಲೆ ಅವರು ಮನೆಯಲ್ಲಿ ಉಳಿದರು, ನಾನು ಇಲ್ಲಿ ಉಳಿದೆ.

ಆಗ ಬಸ್ ಮಾಲೀಕರೊಬ್ಬರು ಬಂದು, "ಹೆಂಗಸು ಸೀಟಿ ಊದಿದ್ರೆ ಡ್ರೈವರು ಕೇಳ್ತಾರೇನವ್ವ?" ಎಂದು ಕೇಳಿದ್ದರು. "ಕೇಳದಿದ್ರೆ ಬುಕ್ಕಿನಾಗೆ ಬರೀತೀನಿ, ಅದನ್ನ ನೀವು ಕೇಳ್ರಿ" ಅಂದಿದ್ದೆ. ನನಗೆ ಎರಡು ಹೆಸರು ಬಿದ್ದವು. ಎದುರಿಗೆ ಟೈಮಕ್ಕ. ಬೆನ್ನ ಹಿಂದೆ ಇನ್ನೊಂದು. ನ್ಯಾಮತಿಯಿಂದ ಬರುವ ಹಸಿರು ಬಸ್ಸಿನ ಡ್ರೈವರ್ ಸಾಹೇಬರು ಅದನ್ನೂ ಒಂದು ದಿನ ಎದುರಿಗೇ ಅಂದುಬಿಟ್ಟರು: "ಸವದತ್ತೀಲಿ ಎಲ್ಲಮ್ಮ ಇದಾಳೆ, ಹೊನ್ನಾಳೀಲಿ ಇಲ್ಲಮ್ಮ ಇದಾಳೆ." ನಿಲ್ದಾಣವೆಲ್ಲ ನಕ್ಕಿತು. ನಾನೂ ನಕ್ಕೆ. ಆದರೂ ಅವರ ಬಸ್ಸನ್ನು ಹೊತ್ತಿಗೆ ಮೊದಲು ಬಿಡಲಿಲ್ಲ.

ನಾನು ಇಲ್ಲಿ ಬರೆಯಹೊರಟಿರುವುದು ನನ್ನ ಅಕ್ಕನ ಮಗಳ ಸಂಗತಿ. ಅವಳ ಊರು ಜಗಳೂರು. ಅಪ್ಪನಿಗೆ ಅಲ್ಲಿ ಬೀಜ, ಗೊಬ್ಬರದ ಅಂಗಡಿ. ಓದಿ, ಪರೀಕ್ಷೆ ಕಟ್ಟಿ, ವಿಮಾನಗಳಿಗೆ ದಾರಿ ಬಿಡುವ ಕೆಲಸಕ್ಕೆ ಸೇರಿ ಚೆನ್ನೈಯಲ್ಲಿದ್ದಾಳೆ. ಮೊದಲು ನೆಲದ ಮೇಲೆ ಹಾರುವ ವಿಮಾನಗಳನ್ನು ನೋಡಿಕೊಳ್ಳುತ್ತಿದ್ದಳು. ಆಮೇಲೆ ಸಮುದ್ರದ ಮೇಲಿನ ವಿಮಾನಗಳ ಮೇಜಿಗೆ ತರಬೇತಿ ಕೊಟ್ಟರು. ಆ ಮೇಜಿನಲ್ಲಿ ಒಬ್ಬಳೇ ಕೂರಬೇಕಾದರೆ ಇನ್ನೊಂದು ಪರೀಕ್ಷೆ ದಾಟಬೇಕು.

ಹೋದ ವರ್ಷ ಅವರೆಕಾಯಿ ಕಾಲದಲ್ಲಿ ಒಂದು ಬೆಳಿಗ್ಗೆ ಅವಳು ದಾವಣಗೆರೆ ಬಸ್ಸಿನಿಂದ ಇಳಿದಳು. ಹೆಗಲಿಗೆ ಒಂದು ಚೀಲ. ನೆಟ್ಟಗೆ ಗೂಡಿಗೆ ಬಂದು, ಎರಡನೇ ಕುರ್ಚಿಯಲ್ಲಿ ಕೂತು, "ಫೇಲಾದೆ ಚಿಕ್ಕಮ್ಮ" ಅಂದಳು.

ನಾನು ಆಗ ಶಿವಮೊಗ್ಗ ಬಸ್ಸಿನ ಹೊತ್ತು ಬರೆಯುತ್ತಿದ್ದೆ. ಬರೆದು ಮುಗಿಸಿ, ಪೆನ್ನಿನ ಮುಚ್ಚಳ ಹಾಕಿ, "ತಿಂಡಿ ತಿಂದ್ಯಾ?" ಎಂದು ಕೇಳಿದೆ.

"ಇಲ್ಲ."

"ಮನೇಗೆ ಹೋಗು. ನಿಮ್ಮ ಚಿಕ್ಕಪ್ಪ ಇದಾರೆ. ರೊಟ್ಟಿ ಐತೆ, ಅವರೆಕಾಳಿನ ಪಲ್ಯ ಐತೆ. ಫೇಲಾದ ಸುದ್ದಿ ಮಧ್ಯಾಹ್ನ ಕೇಳ್ತೀನಿ."

ಮಧ್ಯಾಹ್ನ ಕೇಳಿದೆ. ಮೂರು ವಾರ ಬಿಟ್ಟು ಇನ್ನೊಂದು ಅವಕಾಶ ಕೊಟ್ಟಿದ್ದರು. ಅದೂ ಹೋದರೆ ಆ ಮೇಜು ಅವಳಿಗಿಲ್ಲ. ಅವಳ ಅಪ್ಪ, ಅಂದರೆ ನನ್ನ ಭಾವ, ಅಷ್ಟರಲ್ಲೇ ಯಾರು ಯಾರನ್ನೋ ವಿಚಾರಿಸಿ, ಅದೇ ಇಲಾಖೆಯಲ್ಲಿ ಕಾಗದಪತ್ರ ನೋಡುವ ಕುರ್ಚಿಯೊಂದು ಖಾಲಿ ಇರುವುದನ್ನು ಪತ್ತೆ ಹಚ್ಚಿದ್ದರು. ಎರಡನೇ ಪರೀಕ್ಷೆ ಬೇಡ, ನನ್ನನ್ನು ಆ ಕುರ್ಚಿಗೆ ಹಾಕಿ ಎಂದು ಮಗಳು ಒಂದು ಅರ್ಜಿ ಬರೆದುಕೊಟ್ಟರೆ ಸಾಕಂತೆ. ಅರ್ಜಿಯನ್ನೂ ಅವರೇ ಟೈಪ್ ಮಾಡಿಸಿಟ್ಟಿದ್ದರು. ಅವಳು ಹನ್ನೆರಡು ದಿನ ರಜೆ ಹಾಕಿ ಬಂದಿದ್ದಳು. ಜಗಳೂರಿಗೆ ಹೋಗಿ ಸಹಿ ಹಾಕಬೇಕಾಗಿತ್ತು. ಹೋಗದೆ ಇಲ್ಲಿಗೆ ಬಂದಿದ್ದಳು.

"ನಿನಗೇನು ಬೇಕು?" ಎಂದು ಕೇಳಿದೆ.

"ಆ ಮೇಜು ಬೇಕು ಚಿಕ್ಕಮ್ಮ."

"ಅಪ್ಪನಿಗೆ ಏನಂದೆ?"

"ನೋಡಾಣ ಅಪ್ಪಾಜಿ ಅಂದೆ."

ನನ್ನ ಯಜಮಾನರು ಅವರೆಕಾಯಿ ಸುಲಿಯುತ್ತ ಕೂತಿದ್ದರು. ಕಣ್ಣು ಕಾಣದಿದ್ದರೂ ಹುಳುಕಿನ ಕಾಳು ಅವರ ಬೆರಳಿಗೆ ತಪ್ಪುವುದಿಲ್ಲ. "ಸಮುದ್ರದ ಮೇಲೆ ವಿಮಾನಾನ ಹೆಂಗೆ ನೋಡ್ತಾರವ್ವ? ರಾಡಾರ್ ಅಂತಾರಲ್ಲ, ಅದರಾಗಾ?" ಎಂದು ಕೇಳಿದರು.

"ದಂಡೆಯಿಂದ ಒಂದಷ್ಟು ದೂರ ಅದರಾಗೆ ಕಾಣ್ತೈತೆ ಚಿಕ್ಕಪ್ಪ. ಆಮೇಲೆ ಭೂಮಿ ಬಾಗೈತಲ್ಲ, ಅದರ ಕಣ್ಣಿಗೆ ಸಿಗಲ್ಲ. ನಡುಸಮುದ್ರದಾಗೆ ಹೋಗಿ ರಾಡಾರ್ ನೆಡಾಕೆ ಆಗ್ತೈತಾ?"

"ಮತ್ತೆ?"

"ವಿಮಾನಾನೇ ಹೇಳ್ತೈತೆ. ಸಮುದ್ರದ ಮೇಲೆ ದಾರಿ ಇರ್ತಾವೆ, ದಾರಿಯಾಗೆ ಹೆಸರಿಟ್ಟ ಗುರುತು ಇರ್ತಾವೆ. ಕಣ್ಣಿಗೆ ಕಾಣಂಗಿಲ್ಲ, ಕಾಗದದ ಮೇಲಷ್ಟೇ. ವಿಮಾನ ಒಂದೊಂದು ಗುರುತು ದಾಟಿದಾಗ್ಲೂ ಸ್ಯಾಟಲೈಟ್ ಮೇಲಿಂದ ನಮಗೊಂದು ಸಂದೇಶ ಬರ್ತೈತೆ. ಇದನ್ನ ಇಷ್ಟು ಹೊತ್ತಿಗೆ ದಾಟಿದೆ, ಇಷ್ಟು ಎತ್ತರದಾಗಿದೀನಿ, ಮುಂದಿನ ಗುರುತಿಗೆ ಇಷ್ಟು ಹೊತ್ತಿಗೆ ಹೋಗ್ತೀನಿ ಅಂತ. ಅದರ ಮೇಲೆ ನಾವು ಅಂತರ ಕಾಯ್ಬೇಕು. ಪರದೆ ಮೇಲೆ ಚುಕ್ಕಿ ಇರ್ತೈತೆ. ಆದ್ರೆ ಅದು ಲೆಕ್ಕ ಹಾಕಿದ ಚುಕ್ಕಿ, ಕಂಡ ಚುಕ್ಕಿ ಅಲ್ಲ."

ನಾನು ಸುಮ್ಮನೆ ಕೇಳುತ್ತಿದ್ದೆ. ಇದು ನನ್ನ ಮೇಜೇ ಅಲ್ಲವೆ ಅನ್ನಿಸಿತು. ಚನ್ನಗಿರಿ ಕಡೆಯಿಂದ ಬರುವ ಬಸ್ಸು ನನಗೆ ಕಾಣುವುದಿಲ್ಲ. ನಲ್ಲೂರು ಬಿಟ್ಟಾಗ ಅಲ್ಲಿಂದ ಫೋನು ಬರುತ್ತದೆ, ಕತ್ತಲಗೆರೆ ದಾಟಿದಾಗ ಕಂಡಕ್ಟರ್ ಒಂದು ಮಿಸ್ಡ್ ಕಾಲ್ ಕೊಡುತ್ತಾನೆ. ಅಷ್ಟರ ಮೇಲೆ ಅದು ಎಷ್ಟು ಹೊತ್ತಿಗೆ ನನ್ನ ಮುಂದೆ ನಿಲ್ಲುತ್ತದೆಂದು ನಾನು ಹೇಳಬಲ್ಲೆ. ಬರಬೇಕಾದ ಹೊತ್ತಿಗೆ ಮಿಸ್ಡ್ ಕಾಲ್ ಬರದಿದ್ದರೆ ನಾನೇ ಫೋನು ಹಚ್ಚುತ್ತೇನೆ. ಅವಳೂ ಹಾಗೆಯೇ ಮಾಡಬೇಕಂತೆ: ಹೇಳಿದ ಹೊತ್ತು ಮೀರಿ ಮೂರು ನಿಮಿಷವಾದರೂ ಸಂದೇಶ ಬರದಿದ್ದರೆ ಅವಳೇ ಹುಡುಕಲು ಶುರು ಮಾಡಬೇಕು, ಬರುತ್ತದೆ ಬಿಡು ಎಂದು ಕೂರುವಂತಿಲ್ಲ.

ಅಂತರದ ಲೆಕ್ಕವನ್ನು ಅವಳು ನೆಲದ ಮೇಲೆ ಅವರೆಕಾಳಿಟ್ಟು ತೋರಿಸಿದಳು. ಒಂದರ ಮೇಲೊಂದು ಹೋದರೆ ನಡುವೆ ಸಾವಿರ ಅಡಿ. ಪಕ್ಕಪಕ್ಕದಲ್ಲಿ ಹೋದರೆ ಇಷ್ಟು ಮೈಲಿ. ಒಂದೇ ದಾರಿಯಲ್ಲಿ ಒಂದೇ ಎತ್ತರದಲ್ಲಿ ಹಿಂದೆ ಮುಂದೆ ಹೋದರೆ ಹತ್ತು ನಿಮಿಷ. ಒಳ್ಳೆ ಉಪಕರಣ ಇದ್ದ ವಿಮಾನಗಳಿಗೆ ಇನ್ನೂ ಹತ್ತಿರ ಬಿಡುವುದುಂಟು, ಆದರೆ ಅವಳ ಪರೀಕ್ಷೆಯಲ್ಲಿ ಹತ್ತು. ಹಿಂದಿನದು ಮುಂದಿನದಕ್ಕಿಂತ ಜೋರಾಗಿ ಹೋಗದ ಹಾಗೆ ಎರಡಕ್ಕೂ ವೇಗ ಗೊತ್ತು ಮಾಡಿಕೊಡುತ್ತಾರೆ. ಇನ್ನೊಂದು ಮಾತು ಹೇಳಿದಳು, ಅದು ನನಗೆ ಬಹಳ ಹಿಡಿಸಿತು. ಈಗಿನ ವಿಮಾನಗಳು ದಾರಿಯ ನಟ್ಟನಡುವಿನ ಗೆರೆಯನ್ನು ಕೂದಲೆಳೆಯಷ್ಟೂ ಬಿಡದೆ ಹಿಡಿಯುತ್ತವಂತೆ. ಎಲ್ಲವೂ ಒಂದೇ ಗೆರೆ ಹಿಡಿದರೆ, ಎತ್ತರದಲ್ಲಿ ಏನಾದರೂ ತಪ್ಪಾದ ದಿನ ನೇರ ಒಂದರ ಮೇಲೊಂದು. ಅದಕ್ಕೇ ಬೇಕೆಂದೇ ಗೆರೆಯಿಂದ ಒಂದೆರಡು ಮೈಲಿ ಬಲಕ್ಕೆ ಸರಿದು ಹೋಗುತ್ತವೆ.

"ಎಲ್ಲಾ ಗೊತ್ತೈತಲ್ಲೇ ನಿನಗೆ. ಫೇಲ್ ಹೆಂಗಾದೆ?" ಅಂದೆ.

ಅವಳು ಚೀಲದಿಂದ ಒಂದು ಹಾಳೆ ತೆಗೆದಳು. ಇಂಗ್ಲಿಷಿನಲ್ಲಿ ಒಂದು ಸಾಲು. ಅರ್ಥ ಇಷ್ಟು: ಇಲ್ಲ ಅನ್ನಲು ತಡಮಾಡುತ್ತಾಳೆ.

ನಡೆದದ್ದು ಹೀಗೆ. ಪರೀಕ್ಷೆ ನಿಜವಾದ ಮೇಜಿನಲ್ಲಲ್ಲ, ಅದರಂತೆಯೇ ಕಟ್ಟಿದ ಕೋಣೆಯಲ್ಲಿ. ಪಕ್ಕದ ಕೋಣೆಯಲ್ಲಿ ಪರೀಕ್ಷಕರು ಪೈಲಟ್ ಆಗಿ ಕೂತು ಸಂದೇಶ ಕಳಿಸುತ್ತಾರೆ. ಒಂದು ವಿಮಾನ ಎರಡು ಸಾವಿರ ಅಡಿ ಮೇಲೆ ಹೋಗಲು ಕೇಳಿತು. ಹೀಗೆ ಕೇಳುವುದು ದಿನವೂ ಇದ್ದದ್ದೇ. ಇಂಧನ ಉರಿದು ಮೈ ಹಗುರಾದಂತೆ ಮೇಲೆ ಹೋದರೆ ಅವರಿಗೆ ಇಂಧನ ಉಳಿಯುತ್ತದೆ. ಆದರೆ ಆ ಎತ್ತರದಲ್ಲಿ ಎಂಟೇ ನಿಮಿಷ ಮುಂದೆ ಇನ್ನೊಂದು ವಿಮಾನವಿತ್ತು. ಕೊಡುವಂತಿಲ್ಲ. ಅದು ಇವಳಿಗೆ ನೋಡಿದ ಕೂಡಲೇ ಗೊತ್ತಾಗಿದೆ. ಆದರೂ ಇವಳು "ಅನೇಬಲ್", ಅಂದರೆ ಆಗುವುದಿಲ್ಲ, ಎಂದು ಕಳಿಸಲಿಲ್ಲ. "ಸ್ಟ್ಯಾಂಡ್‌ಬೈ", ಅಂದರೆ ಸ್ವಲ್ಪ ಇರಿ, ಎಂದು ಕಳಿಸಿದಳು. ಅವರು ಮತ್ತೆ ಕೇಳಿದರು. ಮತ್ತೆ ಸ್ವಲ್ಪ ಇರಿ. ಆ ವಿಮಾನದ ಎದುರಿಗೆ ಗುಡುಗಿನ ಮೋಡವಿತ್ತಂತೆ, ಅದನ್ನು ಹತ್ತಿ ದಾಟಬೇಕೆಂದು ಅವರ ಆಲೋಚನೆ. ಮೊದಲನೇ ಸಲವೇ ಇಲ್ಲ ಅಂದಿದ್ದರೆ ಬಲಕ್ಕೆ ತಿರುಗಲು ಕೇಳುತ್ತಿದ್ದರು, ಬಲಗಡೆ ಖಾಲಿ ಇತ್ತು. ಇವಳ ಉತ್ತರ ಕಾದು ಕಾದು ಮೋಡ ಮೂಗಿಗೆ ಬಂದಾಗ ಅವರೇ ಎಡಕ್ಕೆ ತಿರುಗಿದರು. ಎಡಗಡೆ ಪಕ್ಕದ ದಾರಿಯ ವಿಮಾನವಿತ್ತು. ಪರೀಕ್ಷಕರು ಅಲ್ಲಿಗೆ ಪರದೆ ನಿಲ್ಲಿಸಿದರು.

"ಯಾಕೆ ಇಲ್ಲ ಅನ್ನಲಿಲ್ಲ?"

"ಮುಂದಿನದು ಸ್ವಲ್ಪ ದೂರ ಹೋದ್ರೆ ಕೊಡಬಹುದೇನೋ ಅಂತ. ಕೇಳಿದ ತಕ್ಷಣ ಮುಖದ ಮೇಲೆ ಇಲ್ಲ ಅನ್ನಾದು ಹೆಂಗೆ ಚಿಕ್ಕಮ್ಮ?"

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ. ಚನ್ನಗಿರಿಯ ನಮ್ಮ ತವರು ಮನೆಯಲ್ಲಿ ಅಕ್ಕನಿಗೂ ನನಗೂ ನಮ್ಮವ್ವ ಕಲಿಸಿದ್ದೇ ಇದು. ಅಕ್ಕಿ ಮುಗಿದರೆ ಮುಗಿಯಿತು ಅನ್ನಬಾರದು, ಹೆಚ್ಚಾಗೈತೆ ಅನ್ನಬೇಕು. ದೀಪ ಆರಿಸು ಅನ್ನಬಾರದು, ದೊಡ್ಡದು ಮಾಡು ಅನ್ನಬೇಕು. ಕೇಳಿ ಬಂದವರಿಗೆ ಇಲ್ಲ ಅಂದರೆ ಮನೆಗೆ ಇಲ್ಲದ್ದು ಬರುತ್ತದೆ. "ಆಗ್ಲಿ, ನೋಡಾಣ" ಅಂದು ಕಳಿಸಬೇಕು. ಅಕ್ಕ ಅದನ್ನೇ ಜಗಳೂರಿಗೆ ಒಯ್ದು ಮಗಳಿಗೆ ಕಲಿಸಿದಳು. ಭಾವನ ಅಂಗಡಿಯಲ್ಲಂತೂ ಖಾಲಿಯಾದ ಬೀಜಕ್ಕೂ ಇಲ್ಲ ಅನ್ನುವುದಿಲ್ಲ. "ನಾಳೆ ಬರ್ತೈತೆ, ಬರ್ರಿ" ಅನ್ನುತ್ತಾರೆ. ರೈತರು ಮೂರು ನಾಳೆ ತಿರುಗಿ ಬಿತ್ತನೆಯ ಹದ ಕಳೆದುಕೊಂಡು ಕಡೆಗೆ ದಾವಣಗೆರೆಗೆ ಹೋಗುತ್ತಾರೆ. ಮರ್ಯಾದಸ್ತರ ಮಾತು ಎಂದು ಇದನ್ನು ನಾವೆಲ್ಲ ಹೊತ್ತುಕೊಂಡು ತಿರುಗುತ್ತೇವೆ. ನಾನೂ ಹೊತ್ತಿದ್ದೆ, ಈ ಗೂಡಿಗೆ ಬರುವ ತನಕ. ಇಲ್ಲಿ ಒಂದೇ ತಿಂಗಳಿಗೆ ಇಳಿಸಿದೆ.

"ಬೆಳಿಗ್ಗೆ ಎಂಟಕ್ಕೆ ನನ್ನ ಜೊತೆ ಬಾ" ಅಂದೆ.

ಮೊದಲ ದಿನ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದೆ. ದಾವಣಗೆರೆಗೆ ಬೆಳಗಿನ ಹೊತ್ತು ಬಸ್ಸುಗಳು ಒಂದರ ಹಿಂದೊಂದು. ಶಿವಮೊಗ್ಗದಿಂದ ಬರುವ ಕೆಂಪು ಬಸ್ಸು ಒಂಬತ್ತು ನಾಲ್ಕಕ್ಕೆ ಹೊರಟರೆ, ನ್ಯಾಮತಿಯ ಹಸಿರು ಬಸ್ಸು ಒಂಬತ್ತು ಹತ್ತಕ್ಕೆ. ನಡುವೆ ಆರು ನಿಮಿಷ. ಹಿಂದಿನವರಿಗೆ ಯಾವಾಗಲೂ ಮುಂದಿನವರ ಜನ ತಮಗೆ ಸಿಗಲಿ ಎಂಬ ಆಸೆ. ಎರಡು ನಿಮಿಷ ಬೇಗ ಬಿಟ್ಟರೆ ಸಾಕು, ಊರಂಚಿನ ಹೊಳೆಯ ಸೇತುವೆ ದಾಟುವುದರೊಳಗೆ ಬೆನ್ನು ಹತ್ತಿ, ಮುಂದಿನ ಊರಿನ ಹೊತ್ತಿಗೆ ಪಕ್ಕಕ್ಕೆ ಬಂದಿರುತ್ತಾರೆ.

ಎರಡನೇ ದಿನ ಎದುರಿನ ಹೋಟೆಲಿನಿಂದ ಚಹಾ ತರಲು ನಾನು ಎದ್ದು ಹೋದೆ. ಸೀಟಿಯನ್ನು ಅವಳ ಕೈಗೆ ಕೊಟ್ಟಿದ್ದೆ. ಎರಡು ಲೋಟ ಹಿಡಿದು ತಿರುಗುವಷ್ಟರಲ್ಲಿ ಹಸಿರು ಬಸ್ಸು ಗೇಟು ದಾಟಿತ್ತು. ಗಡಿಯಾರ ನೋಡಿದೆ. ಒಂಬತ್ತು ಆರು.

"ಯಾರು ಬಿಟ್ರು?"

"ನಾನು ಬಿಡಲಿಲ್ಲ ಚಿಕ್ಕಮ್ಮ! ಹೋಗ್ಲಾ ಅಂತ ಕೇಳಿದ್ರು. ನೋಡಾಣ ಇರ್ರಿ ಅಂದೆ. ಹೋಗೇಬಿಟ್ರು."

ಹಸಿರು ಬಸ್ಸಿನವರಿಗೆ ಫೋನು ಹಚ್ಚಿದೆ. ಎತ್ತಲಿಲ್ಲ. ಕೆಂಪು ಬಸ್ಸಿನ ಕಂಡಕ್ಟರಿಗೆ ಹಚ್ಚಿ, ಹಿಂದೆ ಹಸಿರು ಬರ್ತಾ ಐತೆ, ಜಿದ್ದಿಗೆ ಬೀಳಬ್ಯಾಡ್ರಿ ಅಂದೆ. ಅಷ್ಟು ಹೊತ್ತಿಗೆ ಆಗುವುದು ಆಗಿತ್ತು. ಮುಂದಿನ ಊರಿನ ನಿಲ್ದಾಣದಲ್ಲಿ ಎರಡೂ ಬಸ್ಸು ಮೈಗೆ ಮೈ ತಾಗಿಸಿಕೊಂಡು ನಿಂತು, ಕೆಂಪು ಬಸ್ಸಿನ ಪಕ್ಕದ ಕನ್ನಡಿ ಚೂರಾಗಿತ್ತು. ಹತ್ತಲು ನಿಂತಿದ್ದ ಹೆಂಗಸೊಬ್ಬಳು ಎರಡರ ನಡುವಿನಿಂದ ಹಿಂದಕ್ಕೆ ಜಿಗಿದು ಉಳಿದುಕೊಂಡಿದ್ದಳು. ಪೆಟ್ಟಾಗಲಿಲ್ಲ.

ಮಧ್ಯಾಹ್ನ ಕೆಂಪು ಬಸ್ಸು ವಾಪಸು ಬಂದಾಗ ಕಂಡಕ್ಟರ್ ಆ ಕನ್ನಡಿಯ ಚೌಕಟ್ಟನ್ನು ತಂದು ನನ್ನ ಮೇಜಿನ ಮೇಲೆ ಇಟ್ಟ. "ಟೈಮಕ್ಕ, ಇದನ್ನೂ ನಿಮ್ಮ ಬುಕ್ಕಿನಾಗೆ ಬರ್ಕಳ್ರಿ" ಅಂದ. ಬರೆದೆ. ಬಸ್ಸು ನಾಲ್ಕು ನಿಮಿಷ ಮೊದಲು ಹೋಯಿತು, ತಪ್ಪು ನನ್ನದು ಎಂದು ಬರೆದು ಸಹಿ ಹಾಕಿದೆ. ಅವಳು ಆ ಖಾಲಿ ಚೌಕಟ್ಟನ್ನೇ ನೋಡುತ್ತ ಕೂತಿದ್ದಳು.

ಮರುದಿನ ಹಸಿರು ಬಸ್ಸಿನ ಸಾಹೇಬರನ್ನು ಗೂಡಿಗೆ ಕರೆದೆ. "ಹುಡುಗಿ ಬೇಡ ಅಂದ್ರೂ ಹೋದ್ರಲ್ಲ?" ಅಂದೆ.

"ಅಲ್ಲಾ ಸಾಕ್ಷಿ, ಎಲ್ಲಿ ಬೇಡ ಅಂದ್ರು ಅಕ್ಕಾ? ನೋಡಾಣ ಅಂದ್ರು. ನಮ್ಮ ನ್ಯಾಮ್ತೀಲಿ ನೋಡಾಣ ಅಂದ್ರೆ ಹೂಂ ಅಂತ. ಹೆಣ್ಣು ಕೇಳಾಕೆ ಹೋದಾಗ ಬಿಟ್ಟು." ಆಮೇಲೆ ಅವಳ ಕಡೆ ತಿರುಗಿ, "ನಿಮ್ಮ ಚಿಕ್ಕಮ್ಮನ್ನ ನೋಡ್ರಿ ತಾಯಿ. ಬಾಯಿ ತೆಗೆಯೋಕೆ ಮುಂಚೆ ಇಲ್ಲ ಅಂತಾರೆ. ನಾನು ಬೈಕಂತೀನಿ, ಬೀಡಿ ಹಚ್ಕಂತೀನಿ. ನೆಮ್ದಿ" ಅಂದರು.

"ಇಲ್ಲ ಅಂದ್ರೆ ಬೇಜಾರಾಗಲ್ವಾ ನಿಮಗೆ?" ಎಂದು ಅವಳು ಕೇಳಿದಳು.

"ಆಗ್ತೈತೆ. ಆದ್ರೆ ಬೇಜಾರಿನಾಗೆ ಬಸ್ಸು ನಿಂತಿರ್ತೈತಲ್ಲ."

ಆ ದಿನದಿಂದ ನಾನು ಅವಳನ್ನು ಬಿಡಲಿಲ್ಲ. ಮೊದಲು ಬಾಯಿಪಾಠ ಮಾಡಿಸಿದೆ. ಯಾರು ಏನೇ ಕೇಳಲಿ, ಕೊಡುವಂತಿಲ್ಲದಿದ್ದರೆ ಮೊದಲ ಮಾತೇ ಇಲ್ಲ. ಅದಾದ ಮೇಲೆ ಯಾಕೆ ಇಲ್ಲ ಎಂದು ಒಂದು ಮಾತು. ಅದಾದ ಮೇಲೆ, ಬೇಕಾದರೆ, ಏನು ಆಗುತ್ತದೆ ಎಂದು ಒಂದು ಮಾತು. "ಇಲ್ಲ ರೀ. ಮುಂದಲ ಬಸ್ಸು ಈಗ ಹೋಗೈತೆ. ಒಂಬತ್ತು ಹತ್ತಕ್ಕೆ ಹೊರಡ್ರಿ." ಅಷ್ಟೇ. ನಗು ಬೇಡ, ಅಯ್ಯೋ ಪಾಪ ಬೇಡ, ಕ್ಷಮಿಸಿ ಬೇಡ.

ಮೊದಮೊದಲು ಅವಳ "ಇಲ್ಲ" ಕಂಡಕ್ಟರುಗಳ ಕಿವಿಗೆ ಮುಟ್ಟುವ ಮೊದಲೇ ಬಿದ್ದುಹೋಗುತ್ತಿತ್ತು. "ಏನಂದ್ರಿ? ಜೋರಾಗಿ ಅನ್ರಿ, ಇಂಜಿನ್ ಸದ್ದು" ಎಂದು ಬೇಕೆಂದೇ ಕಾಡಿಸುತ್ತಿದ್ದರು. ನಿಲ್ದಾಣದ ಹೂವಿನವಳೂ ಸೇರಿಕೊಂಡು, "ಹತ್ರುಪಾಯಿಗೆ ಎರಡು ಮೊಳ ಕೊಡ್ಲೇನವ್ವ?" ಎಂದು ಕೇಳಿ, ಅವಳು ಕೈ ಚಾಚಿದರೆ "ಇಲ್ಲ!" ಎಂದು ಕೂಗಿ ನಗುತ್ತಿದ್ದಳು. ಐದನೇ ದಿನದ ಹೊತ್ತಿಗೆ ಅವಳ ದನಿ ತೆರೆಯಿತು. ಏಳನೇ ದಿನ ಬಸ್ ಮಾಲೀಕರೊಬ್ಬರು ಕಾರಿನಲ್ಲಿ ಬಂದು, ಮದುವೆ ಜನ ಐತೆ, ನಮ್ಮ ಗಾಡಿ ಐದು ನಿಮಿಷ ಮೊದಲು ಬಿಡ್ರಿ ಅಂದರು. ನಾನು ಬಾಯಿ ತೆರೆಯಲಿಲ್ಲ. ಅವಳು ಗಡಿಯಾರ ನೋಡಿ, "ಇಲ್ಲ ಸರ್. ಮುಂದಲದು ಇನ್ನೂ ಸೇತುವೆ ಮೇಲೈತೆ. ನಿಮ್ಮ ಟೈಮಿಗೆ ಬಿಡ್ತೀನಿ" ಅಂದಳು. ಅವರು ನನ್ನ ಮುಖ ನೋಡಿದರು. ನಾನು ಪುಸ್ತಕ ನೋಡಿದೆ. ಕಾರು ಹತ್ತಿ ಹೋದರು.

ಮಧ್ಯಾಹ್ನ ಬಸ್ಸು ವಿರಳವಾದ ಹೊತ್ತಿನಲ್ಲಿ ನಾನು ಪೈಲಟ್ ಆಗುತ್ತಿದ್ದೆ. ಹಳೆಯ ಲಗ್ನಪತ್ರಿಕೆಗಳನ್ನು ಉದ್ದುದ್ದ ಕತ್ತರಿಸಿ, ಒಂದೊಂದರ ಹಿಂದೆ ಅವಳು ಒಂದೊಂದು ವಿಮಾನ ಬರೆದಿದ್ದಳು: ಎತ್ತರ, ವೇಗ, ಯಾವ ಗುರುತಿಗೆ ಎಷ್ಟು ಹೊತ್ತು. ನಾನು ಒಂದನ್ನು ಎತ್ತಿ, "ನನಗೆ ಮೇಲೆ ಹೋಗ್ಬೇಕು" ಅನ್ನುತ್ತಿದ್ದೆ. ಅವಳು ಉಳಿದ ಪಟ್ಟಿಗಳ ಮೇಲೆ ಒಮ್ಮೆ ಕಣ್ಣಾಡಿಸಿ ಹೂಂ ಅಥವಾ ಇಲ್ಲ ಅನ್ನಬೇಕು. ನಾನು ಬಿಡುತ್ತಿರಲಿಲ್ಲ. ಮುನ್ನೂರು ಜನ ಇದಾರೆ, ಮೋಡ ಬಂತು, ನಿನ್ನ ದಮ್ಮಯ್ಯ ಅಂತೀನಿ, ನಿಮ್ಮಪ್ಪ ನನ್ನ ವಿಮಾನದಾಗೇ ಕೂತಾರೆ ಎಂದು ಏನೇನೋ ಹೇಳುತ್ತಿದ್ದೆ. "ಇಲ್ಲ. ಅಲ್ಲಿ ಎಂಟೇ ನಿಮಿಷದ ಅಂತರ ಐತೆ. ಬಲಕ್ಕೆ ಇಪ್ಪತ್ತು ಮೈಲಿ ಬೇಕಾದ್ರೆ ಕೇಳ್ರಿ, ಕೊಡ್ತೀನಿ" ಅನ್ನುತ್ತಿದ್ದಳು. ಇಲ್ಲ ಎಂಬುದನ್ನು ಬೇಗ ಹೇಳಿದರೆ ಎದುರಿನವರ ಕೈಯಲ್ಲಿ ಹೊತ್ತು ಉಳಿಯುತ್ತದೆ, ಆ ಹೊತ್ತಿನಲ್ಲಿ ಅವರು ಬೇರೆ ದಾರಿ ನೋಡಿಕೊಳ್ಳುತ್ತಾರೆ. ಇದನ್ನು ನಾನು ಇಷ್ಟು ವರ್ಷ ಮಾಡುತ್ತ ಬಂದಿದ್ದೆ. ಮಾತಿನಲ್ಲಿ ಹೇಳಿಕೊಂಡದ್ದು ಆ ಮಧ್ಯಾಹ್ನಗಳಲ್ಲಿ.

ಹತ್ತನೇ ದಿನ ಭಾವ ಬಂದರು. ಬಿಳಿ ಅಂಗಿ, ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು. ಬಿಸಿಲಿನಲ್ಲಿ ಗೂಡಿನ ಕಿಟಕಿಯ ಮುಂದೆ ನಿಂತು, ಮಗಳ ಕೊರಳಲ್ಲಿದ್ದ ಸೀಟಿಯನ್ನೇ ನೋಡಿದರು.

"ಬರ್ರಿ ಭಾವ, ಒಳಗೆ ಬರ್ರಿ" ಅಂದೆ.

"ಕೂರಾಕೆ ಬಂದಿಲ್ಲವ್ವ. ಒಂದು ಇಪ್ಪತ್ತರ ಬಸ್ಸಿಗೆ ಇವಳನ್ನ ಕರ್ಕಂಡು ಹೋಗ್ತೀನಿ. ನಾಳೆ ಈ ಅರ್ಜಿ ಕಳಿಸ್ಬೇಕು." ಫೈಲು ತೆರೆದು ಹಾಳೆಯನ್ನು ಮೇಜಿನ ಮೇಲಿಟ್ಟರು. ಪೆನ್ನನ್ನೂ ಮುಚ್ಚಳ ತೆಗೆದೇ ಇಟ್ಟರು. "ಹಾಕವ್ವ ಸೈನು. ತಂಪಾದ ರೂಮು, ಹತ್ತರಿಂದ ಐದು, ಯಾರ ಜೀವದ ಜವಾಬ್ದಾರೀನೂ ಇಲ್ಲ."

ಅವಳು ಹಾಳೆಯನ್ನು ಕೊನೆತನಕ ಓದಿದಳು. ನಾನು ಏನೂ ಅನ್ನಬಾರದು ಎಂದು ತುಟಿ ಕಚ್ಚಿಕೊಂಡೆ. ಹತ್ತು ದಿನ ನಾನು ಮಾಡಿಸಿದ್ದೆಲ್ಲ ಬೇರೆಯವರ ಮುಂದೆ. ಅಪ್ಪನ ಮುಂದೆ ನಿಲ್ಲುವುದನ್ನು ಯಾರೂ ಯಾರಿಗೂ ಅಭ್ಯಾಸ ಮಾಡಿಸಲು ಆಗುವುದಿಲ್ಲ.

"ಇಲ್ಲ ಅಪ್ಪಾಜಿ" ಅಂದಳು.

"ಏನಿಲ್ಲ?"

"ಸೈನ್ ಹಾಕಲ್ಲ. ಪರೀಕ್ಷೆ ಕಟ್ಟೀನಿ, ಬರೀತೀನಿ. ಅದಾದ ಮೇಲೆ ಎರಡು ದಿನ ಊರಿಗೆ ಬರ್ತೀನಿ, ಪಾಸಾದ್ರೂ ಸೈ, ಫೇಲಾದ್ರೂ ಸೈ."

ಭಾವನ ಮುಖ ಕೆಂಪಾಯಿತು. "ಅಲ್ಲವ್ವ, ಒಂದೊಂದರಾಗೆ ಮುನ್ನೂರು ಜನ. ಕತ್ತಲಾಗೆ ಕೂತು, ಕಣ್ಣಿಗೆ ಕಾಣದೇ ಇರೋದನ್ನ ನೀನು ಕಾಯ್ತೀನಿ ಅಂತೀಯ. ನಾಳೆ ಏನಾದ್ರೂ ಆದ್ರೆ? ಯಾರನ್ನ ಹಿಡೀತಾರೆ? ನಿನ್ನೇ ಹಿಡೀತಾರೆ. ನಾನು ಆಮೇಲೆ ಹೆಂಗೆ ಮಲಗ್ಲಿ?"

ಅವರ ದನಿ ಒಡೆದದ್ದು ಆಗ. ಅಷ್ಟು ದಿನ ಅವರದು ಬರೀ ಹಟ ಎಂದುಕೊಂಡಿದ್ದೆ. ಅದು ಭಯ. ಆದರೆ ಭಯ ಅವರದು. ಸಹಿ ಹಾಕಬೇಕಾದವಳು ಇವಳು.

"ಏನೂ ಆಗಬಾರದು ಅಂತಾನೇ ಅಪ್ಪಾಜಿ ಇಲ್ಲ ಅನ್ನಾಕೆ ಕಲೀತಿರೋದು" ಅಂದಳು. ಪೆನ್ನಿನ ಮುಚ್ಚಳ ಹಾಕಿ ಅವರ ಕೈಗೆ ಕೊಟ್ಟಳು.

ಭಾವ ನನ್ನ ಕಡೆ ತಿರುಗಿದರು. "ಇದನ್ನ ನೀನೇನಾ ಕಲಿಸಿದ್ದು?"

"ಹೌದು ಭಾವ."

"ನಿಮ್ಮಕ್ಕ ಯಾವತ್ತೂ ನನಗೆ ಒಂದು ಮಾತು ಎದುರಾಡಿಲ್ಲ."

"ಗೊತ್ತು. ಅವಳಿಗೂ ಕಲಿಸ್ತೀನಿ, ಕಳಿಸ್ರಿ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಭಾವ ಫೈಲು ಕಂಕುಳಿಗೆ ಸೇರಿಸಿ ನಡೆದರು. ಒಂದು ಇಪ್ಪತ್ತರ ಬಸ್ಸಿಗೆ ಅವಳೇ ಸೀಟಿ ಊದಿದಳು. ಕಿಟಕಿಯ ಪಕ್ಕ ಕೂತಿದ್ದ ಅವರು ತಿರುಗಿ ನೋಡಲಿಲ್ಲ. ಬಸ್ಸು ಗೇಟು ದಾಟಿದ ಮೇಲೆ ಅವಳು ಮೇಜಿಗೆ ಹಣೆ ಹಚ್ಚಿ ಅತ್ತಳು. ಅಳಲಿ ಎಂದು ಬಿಟ್ಟೆ. ಮುಂದಿನ ಬಸ್ಸಿನ ಹೊತ್ತನ್ನು ನಾನು ಬರೆದೆ.

ಅವಳು ಚೆನ್ನೈಗೆ ಹೋದಳು. ಪರೀಕ್ಷೆಯ ದಿನ ನಾನು ಗೂಡಿನಲ್ಲಿದ್ದೆ, ಎರಡು ಬಸ್ಸಿನ ಹೊತ್ತನ್ನು ತಪ್ಪಾಗಿ ಬರೆದು ತಿದ್ದಿದೆ. ಸಂಜೆ ಐದರ ಸುಮಾರಿಗೆ, ನಾನು ಮನೆಗೆ ಬಂದ ಮೇಲೆ, ಫೋನು ಬಂತು. ಯಜಮಾನರು ಸ್ಪೀಕರ್ ಹಾಕು ಅಂದರು.

ಈ ಸಲವೂ ಅದೇ ಕೋಣೆ, ಅದೇ ಪರೀಕ್ಷಕರು. ಆರು ವಿಮಾನಗಳು, ಎರಡು ದಾರಿಗಳು. ಮೊದಲರ್ಧ ಗಂಟೆಯಲ್ಲಿ ನಾಲ್ಕು ಕೋರಿಕೆ ಬಂದವು, ಎರಡು ಕೊಟ್ಟಳು, ಎರಡಕ್ಕೆ ಒಂದು ನಿಮಿಷದೊಳಗೆ ಅನೇಬಲ್. ಒಂದು ವಿಮಾನದ ಸಂದೇಶ ಹೊತ್ತು ಮೀರಿದರೂ ಬರಲಿಲ್ಲ. ಮೂರು ನಿಮಿಷ ನೋಡಿ ತಾನೇ ಕರೆದಳು. ಅನಂತರ ಕಡೆಯದೊಂದು ವಿಮಾನ ಮೇಲೆ ಹೋಗಲು ಕೇಳಿತು, ಅಲ್ಲೂ ಎಂಟೇ ನಿಮಿಷದ ಅಂತರ. ಇಲ್ಲ ಅಂದಳು, ಈ ಗುರುತು ದಾಟಿದ ಮೇಲೆ ಕೇಳಿ ಅಂದಳು. ಮತ್ತೆ ಕೇಳಿದರು. ಮತ್ತೆ ಇಲ್ಲ. ಮೂರನೇ ಸಲ ಪರೀಕ್ಷಕರೊಬ್ಬರು ಪಕ್ಕದ ಕೋಣೆಯಿಂದ ಎದ್ದು ಬಂದು ಅವಳ ಹಿಂದೆಯೇ ನಿಂತರಂತೆ.

"ನಾನು ಈಗ ಪೈಲಟ್ ಅಲ್ಲ, ನಿನ್ನ ಮೇಲಿನ ಅಧಿಕಾರಿ ಅಂದ್ಕ. ಎಂಟು ನಿಮಿಷ ಐತಲ್ಲ, ಸಾಕು, ಕೊಡು ಅಂತ ಹೇಳ್ತಾ ಇದೀನಿ. ಏನ್ ಮಾಡ್ತೀಯ? ಅಂತ ಕೇಳಿದ್ರು ಚಿಕ್ಕಮ್ಮ."

"ನೀನೇನಂದೆ?"

"ಹೆಡ್‌ಸೆಟ್ ತೆಗೆದು ಅವರ ಕಡೆ ಹಿಡಿದೆ. ಹಂಗಾದ್ರೆ ನೀವು ಈ ಕುರ್ಚೀಲಿ ಕೂತು ನಿಮ್ಮ ಹೆಸರಲ್ಲಿ ಕೊಡ್ರಿ ಸರ್. ನಾನು ಕೂತಿರೋ ತನಕ ಹತ್ತು ನಿಮಿಷನೇ ಅಂದೆ."

ಯಜಮಾನರು ಚಹಾದ ಲೋಟ ಕೆಳಗಿಟ್ಟರು. "ಆಮೇಲೆ? ಅವರೇನಂದ್ರು?" ಅಂದರು.

"ಚಿಕ್ಕಪ್ಪ, ಪಾಸ್ ಅಂತ ಬರ್ಕಂಡ್ರು. ಸೋಮವಾರದಿಂದ ಆ ಮೇಜಿನಾಗೆ ನಾನೊಬ್ಬಳೇ."

ಹೇಳಿದ ಹಾಗೆ ಅವಳು ಎರಡು ದಿನ ಜಗಳೂರಿಗೆ ಹೋಗಿ ಬಂದಳು. ಅಪ್ಪ ಮಾತಾಡಿದರಂತೆ, ಊಟಕ್ಕೆ ಬಡಿಸಿದರಂತೆ, ಕೆಲಸದ ವಿಷಯ ಮಾತ್ರ ಎತ್ತಲಿಲ್ಲವಂತೆ. ನನ್ನ ಜೊತೆ ಅಷ್ಟೂ ಇಲ್ಲ. ಅಕ್ಕ ಕದ್ದು ಫೋನು ಮಾಡುತ್ತಾಳೆ.

ಈಚೆಗೆ ಚನ್ನಗಿರಿಯಲ್ಲಿ ನಮ್ಮ ತಮ್ಮನ ಮೊಮ್ಮಗುವಿಗೆ ಹೆಸರಿಡುವ ಕಾರ್ಯವಿತ್ತು. ಭಾವನೂ ಬಂದಿದ್ದರು. ನಾನು ನೀರಿನ ಚೊಂಬು ಹಿಡಿದು ಹೋದಾಗ ಚಾಪೆಯ ಮೇಲೆ ಕೂತ ಹಿರಿಯರೆಲ್ಲರ ಮುಂದೆ, ಎಲ್ಲರಿಗೂ ಕೇಳುವ ಹಾಗೆ, "ನನ್ನ ಮಗಳನ್ನ ಕೆಡಿಸಿದವಳು ಇವಳೇ ನೋಡ್ರಿ" ಅಂದರು. ಅಕ್ಕ ಅಡುಗೆಮನೆಯ ಬಾಗಿಲಿನಿಂದ ನನಗೆ, ಸುಮ್ಮನಿರು ಎಂದು ಕಣ್ಣು ಮಾಡಿದಳು.

"ಹೌದು ಭಾವ, ಕೆಡಿಸಿದೆ" ಅಂದೆ. "ಎಲೆ ಹಾಕ್ಯಾರೆ, ಊಟಕ್ಕೆ ಏಳ್ರಿ."